ಕೋಳಿ ಸತ್ತರೆ ಯಾರಾದರೂ ಅಳುತ್ತಾರೆಯೇ?

ನಮ್ಮ ಸಂಘ-ಸಂಸ್ಥೆಗಳ ವಾರ್ಷಿಕೋತ್ಸವ ಇರಲಿ, ವಿಹಾರಕೂಟ ಇರಲಿ, ಊಟದ ಸಾಲಿನಲ್ಲಿ ಕೋಳಿ ಸುಕ್ಕ, ಕೋರಿರೊಟ್ಟಿ ಕಾಣದಿದ್ದರೆ ಮುಖ ಸಪ್ಪೆ ಮಾಡುವವರು ಬಹಳ ಮಂದಿ. ಕರಾವಳಿಯಿಂದ ಬಂದ ತುಳು-ಕನ್ನಡಿಗರ ಮಟ್ಟಿಗಂತೂ ಕೋಳಿ ಇಲ್ಲದ ಹಬ್ಬವೇ ಕಡಿಮೆ. ಹಾಗಿರುವಾಗ 'ನಮ್ಮ ಮನೆಯ ಕೋಳಿ ಸತ್ತುಹೋಯಿತು, ಮನಸ್ಸಿಗೆ ಏನೂ ಬೇಡವಾಗಿದೆ' ಎಂದು ಯಾರಾದರೂ ಹೇಳಿಕೊಂಡರೆ ಎದುರಿಗಿದ್ದವರಿಗೆ ಮೊದಲು ಬರುವುದು ನಗು. 'ಸಾರು ಮಾಡಿದಿರಾ?' ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ನಾಯಿ ಸತ್ತರೆ ಸಮಾಧಾನ ಹೇಳುವ ಜನ, ದನ ಸತ್ತರೆ ಮನೆಗೆ ಬಂದು ಕೂರುವ ಜನ, ಕೋಳಿಯ ವಿಷಯಕ್ಕೆ ಬಂದಾಗ ಮಾತ್ರ ತಮಾಷೆ ಮಾಡುತ್ತಾರೆ. ಆ ತಮಾಷೆ ಯಾರಿಗೆ ಎಷ್ಟು ನೋವು ಕೊಡುತ್ತದೆ ಎಂಬುದನ್ನು ಮಾಜಿವಾಡಾದ ಒಂದು ಮನೆಯಲ್ಲಿ ಕಣ್ಣಾರೆ ಕಂಡ ಮೇಲೆ ಈ ನಾಲ್ಕು ಮಾತು ಬರೆಯಬೇಕೆನಿಸಿತು.

ಬೈಠಿ ಚಾಳಿನ ಕೆಂಪಿ

ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ಘೋಡ್‌ಬಂದರ್ ರಸ್ತೆ, ನಾಶಿಕಕ್ಕೆ ಹೋಗುವ ಹೆದ್ದಾರಿ - ಈ ಮೂರೂ ಬಂದು ಸೇರುವ ಜಾಗ ಥಾಣೆಯ ಮಾಜಿವಾಡಾ. ಮೇಲ್ಸೇತುವೆಯ ಮೇಲಿಂದ ನೋಡುವವರಿಗೆ ಇಲ್ಲಿ ಗೋಪುರದಂಥ ಕಟ್ಟಡಗಳಷ್ಟೇ ಕಾಣುತ್ತವೆ. ಒಳಗೆ ಇಳಿದು ನಡೆದರೆ ಹಳೆಯ ಗಾಂವಠಾಣ್ ಇನ್ನೂ ಉಸಿರಾಡುತ್ತಿದೆ. ಕಿರಿದಾದ ಗಲ್ಲಿ, ತಗಡಿನ ಮಾಡು, ಓಟ್ಲಾದ ಮೇಲೆ ಒಣಹಾಕಿದ ಮೀನು, ಕಾಲಡಿಯಲ್ಲಿ ಓಡಾಡುವ ಕೋಳಿಗಳು. ಇಂಥದೇ ಒಂದು ಬೈಠಿ ಚಾಳಿನಲ್ಲಿ ಕುಂದಾಪುರ ಕಡೆಯ ನಮ್ಮವರ ಒಂದು ಕುಟುಂಬವಿದೆ. ಮಗ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಾನೆ, ಸೊಸೆಯೂ ದುಡಿಯುತ್ತಾಳೆ, ಮೊಮ್ಮಗ ಶಾಲೆಗೆ ಹೋಗುತ್ತಾನೆ. ಗಂಡ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಬಂದ ಅಮ್ಮನಿಗೆ ಎಪ್ಪತ್ತು ದಾಟಿದೆ. ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಹೊರಟರೆ ಸಂಜೆ ಆರರ ತನಕ ಅವರು ಒಬ್ಬರೇ.

ಮೊಮ್ಮಗ ಒಮ್ಮೆ ಸಂತೆಯಿಂದ ಬಣ್ಣ ಬಳಿದ ಮೂರು ಕೋಳಿಮರಿ ತಂದಿದ್ದ. ಗುಲಾಬಿ, ಹಸಿರು ಬಣ್ಣ ಹಾಕಿ ಬುಟ್ಟಿಯಲ್ಲಿ ಮಾರುವ ಈ ಮರಿಗಳು ಸಾಮಾನ್ಯವಾಗಿ ಹ್ಯಾಚರಿಯವರು ಬೇಡವೆಂದು ಬಿಟ್ಟ ಹುಂಜದ ಮರಿಗಳು. ಮೊದಲ ವಾರ 32ರಿಂದ 35 ಡಿಗ್ರಿ ಬಿಸಿ ಸಿಗದೆ ಹೆಚ್ಚಿನವು ಸತ್ತೇ ಹೋಗುತ್ತವೆ. ಇಲ್ಲೂ ಎರಡು ಸತ್ತವು. ಉಳಿದ ಒಂದನ್ನು ಅಮ್ಮ ಹಳೆ ಬಟ್ಟೆಯಲ್ಲಿ ಸುತ್ತಿ, ಬಲ್ಬಿನ ಬಿಸಿಯಲ್ಲಿ ಇಟ್ಟು ಬದುಕಿಸಿದರು. ಅದು ಹೇಂಟೆಯಾಯಿತು, ಬಣ್ಣ ಉದುರಿ ಕೆಂಪಾಯಿತು, 'ಕೆಂಪಿ' ಎಂಬ ಹೆಸರೂ ಬಂತು. ಮುಂದಿನ ಮೂರು ವರ್ಷ ಅಮ್ಮನ ದಿನಚರಿಯೆಲ್ಲ ಅದರ ಸುತ್ತ. ಐದು ಗಂಟೆಗೆ ಬುಟ್ಟಿ ಎತ್ತುವುದು, ನುಚ್ಚು ಹಾಕುವುದು, ಮಧ್ಯಾಹ್ನ ಕಾಲ ಬುಡದಲ್ಲಿ ಕೂರಿಸಿಕೊಂಡು ಊರಿನ ಸುದ್ದಿಯೆಲ್ಲ ಅದಕ್ಕೆ ಹೇಳುವುದು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಬೆಳಿಗ್ಗೆ ಚೆನ್ನಾಗಿಯೇ ಇದ್ದ ಕೆಂಪಿ ನೀರಿನ ಡ್ರಮ್ಮಿನ ಪಕ್ಕ ರೆಕ್ಕೆ ಹರಡಿಕೊಂಡು ಸತ್ತುಬಿದ್ದಿತ್ತು. ಅಂದು ರಾತ್ರಿ ಅಮ್ಮ ಊಟ ಮಾಡಲಿಲ್ಲ. ಮರುದಿನವೂ ಐದಕ್ಕೇ ಎದ್ದು ಖಾಲಿ ಬುಟ್ಟಿಯ ಎದುರು ಕುಳಿತರು. ಚಾಳಿನವರು ನಕ್ಕರು. ಊರಿನಿಂದ ಫೋನು ಮಾಡಿದ ನೆಂಟರು 'ಇಷ್ಟು ವಯಸ್ಸಾಗಿ ಒಂದು ಕೋಳಿಗೆ ಹೀಗಾ?' ಎಂದರು. ಪರಿಚಯದ ಮನೆಯಾದ್ದರಿಂದ ನಾನೂ ನಮ್ಮ ಮನೆಯವಳೂ ಒಂದು ಭಾನುವಾರ ಹೋಗಿ ಬಂದೆವು. ಅಮ್ಮ ಹೆಚ್ಚು ಮಾತಾಡಲಿಲ್ಲ. 'ಇನ್ ನಾನ್ ಬೆಳಿಗ್ಗೆ ಎಂತಕ್ಕೆ ಏಳೂದು, ಹೇಳಿ ಕಾಂಬ' ಎಂದಷ್ಟೇ ಕೇಳಿದರು. ಹೊರಗೆ ಬಂದ ಮೇಲೆ ಮಗ ದನಿ ತಗ್ಗಿಸಿ, 'ಅಪ್ಪಯ್ಯ ಹೋದಾಗಲೂ ಅಮ್ಮ ಹೀಗೆ ಕೂತವರಲ್ಲ ಅಣ್ಣಾ' ಎಂದ.

ಆ ಮಾತು ಯೋಚಿಸಬೇಕಾದದ್ದು. ಗಂಡ ಹೋದಾಗ ಮನೆತುಂಬ ಜನ, ಹನ್ನೊಂದು-ಹದಿಮೂರರ ಕೆಲಸ, ಬಂದವರಿಗೆ ಊಟ, ಆಮೇಲೆ ಮನೆ ಖಾಲಿ ಮಾಡಿ ಮುಂಬಯಿಗೆ ಹೊರಡುವ ಗಡಿಬಿಡಿ. ಅಳಲು ಅವರಿಗೆ ಪುರುಸೊತ್ತು ಸಿಕ್ಕಿರಲೇ ಇಲ್ಲ. ಗಂಡ, ಊರು, ಮನೆಯ ಅಂಗಳ ಎಲ್ಲ ಹೋದ ಮೇಲೆ ದಿನಕ್ಕೆ ಒಂದು ಕ್ರಮ ತಂದುಕೊಟ್ಟದ್ದು ಆ ಕೋಳಿ. ಅದೂ ಹೋದಾಗ ಹಿಂದಿನದೆಲ್ಲ ಒಟ್ಟಿಗೆ ಎದ್ದು ಬಂತು.

ಲೆಕ್ಕಕ್ಕೆ ಸಿಗದ ದುಃಖ

ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ಇಂಥ ದುಃಖದ ಬಗ್ಗೆಯೇ ಒಂದು ಪುಸ್ತಕ ಹೊರತಂದರು. ಸಮಾಜ ಒಪ್ಪಿಕೊಳ್ಳದ, ಬಹಿರಂಗವಾಗಿ ತೋಡಿಕೊಳ್ಳಲು ಅವಕಾಶ ಕೊಡದ ದುಃಖ ಒಂದಿದೆ. ಸಾಕುಪ್ರಾಣಿಯ ಸಾವು ಅದರಲ್ಲಿ ಸೇರುತ್ತದೆ ಎಂದು ಅವರ ಅಭಿಪ್ರಾಯ. ರಜೆ ಸಿಗುವುದಿಲ್ಲ, ಸೂತಕವಿಲ್ಲ, ಬೊಜ್ಜವಿಲ್ಲ, ಮಾತನಾಡಿಸಲು ಬರುವವರಿಲ್ಲ. ಹೀಗೆ ಹೊರಗೆ ಬರಲು ದಾರಿಯಿಲ್ಲದ ದುಃಖ ಬೇಗ ಕಡಿಮೆಯಾಗುವುದಿಲ್ಲ, ಒಳಗೇ ಉಳಿದುಬಿಡುತ್ತದೆ. ಅದರಲ್ಲೂ ಹಠಾತ್ ಸಾವಾದರೆ ಮನಸ್ಸು ಸಿದ್ಧವಾಗಿರುವುದಿಲ್ಲ. ನಾಲ್ಕು ದಿನ ಔಷಧಿ ಹಾಕಿ ನೋಡಿಕೊಂಡಿದ್ದರೆ 'ನಮ್ಮ ಕೈಲಾದದ್ದು ಮಾಡಿದೆವು' ಎಂಬ ಸಮಾಧಾನವಾದರೂ ಇರುತ್ತಿತ್ತು.

'ಕೋಳಿ ತಿನ್ನುವ ಮನೆಯಲ್ಲಿ ಕೋಳಿಗಾಗಿ ಅಳುವುದು ಎಂಥ ನ್ಯಾಯ?' ಎಂದು ಕೇಳುವವರಿದ್ದಾರೆ. ಊರಿನಲ್ಲಿ ಹುಟ್ಟಿ ಬೆಳೆದ ಯಾರಿಗೂ ಇದು ಹೊಸತಲ್ಲ. ಗೂಡಿನಲ್ಲಿ ಹತ್ತು ಕೋಳಿ ಇದ್ದರೆ ಅದರಲ್ಲಿ ಒಂದು ಮಕ್ಕಳದ್ದಾಗಿರುತ್ತಿತ್ತು. ಹಬ್ಬಕ್ಕೆ ಅದನ್ನು ಹಿಡಿಯಲು ಹೋದರೆ ರಂಪ. ಕೊನೆಗೆ ಹಿರಿಯರೇ ಸೋತು ನೆರೆಮನೆಯ ಕೋಳಿಯನ್ನು ದುಡ್ಡು ಕೊಟ್ಟು ತರುತ್ತಿದ್ದರು. ಹೆಸರಿಟ್ಟು ಕರೆದ ಕೋಳಿಯನ್ನು ಸಾರಿನ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬ ಬರೆಯದ ಕಾನೂನು ಎಷ್ಟೋ ಮನೆಗಳಲ್ಲಿತ್ತು.

ಇನ್ನು ನಮ್ಮ ಸಾಹಿತ್ಯ ಕೋಳಿಯನ್ನು ಕಡೆಗಣಿಸಿದೆಯೇ ಎಂದರೆ, ಇಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿ ಗುತ್ತಿಯ ನಾಯಿ ಹುಲಿಯನಿಗಾಗಿ ಮರುಗಿದವರು ಬಹಳ ಜನ. ಆದರೆ ಅದಕ್ಕಿಂತ ಏಳು ಶತಮಾನ ಮೊದಲೇ, 1209ರಲ್ಲಿ, ಜನ್ನ ಕವಿ 'ಯಶೋಧರ ಚರಿತೆ'ಯನ್ನು ಒಂದು ಕೋಳಿಯ ಸುತ್ತ ಕಟ್ಟಿದ. ಅದೂ ನಿಜವಾದ ಕೋಳಿ ಅಲ್ಲ, ಹಿಟ್ಟಿನಲ್ಲಿ ಮಾಡಿದ್ದು. ತಾಯಿಯ ಒತ್ತಾಯಕ್ಕೆ ರಾಜ ಯಶೋಧರ ಅದನ್ನು ದೇವಿಗೆ ಬಲಿ ಕೊಡುತ್ತಾನೆ. ಕೊಲ್ಲುವ ಸಂಕಲ್ಪ ಮಾಡಿದ್ದಕ್ಕಾಗಿಯೇ ತಾಯಿ-ಮಗ ಇಬ್ಬರೂ ಜನ್ಮಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನೋಯುತ್ತಾರೆ. ಕೊನೆಗೆ ಕೋಳಿಗಳಾಗಿಯೇ ಹುಟ್ಟಿ ಬಾಣಕ್ಕೆ ಬಲಿಯಾಗುತ್ತಾರೆ. ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕಕ್ಕೂ ಇದೇ ಕಥೆ ಆಧಾರ. ಒಂದು ಕೋಳಿಯ ಜೀವಕ್ಕೆ ಎಷ್ಟು ತೂಕ ಎಂದು ಎಂಟು ನೂರು ವರ್ಷಗಳ ಹಿಂದೆಯೇ ಕೇಳಿದ ಭಾಷೆ ನಮ್ಮದು. ಆ ಭಾಷೆಯ ಒಬ್ಬ ಅಜ್ಜಿ ಕೋಳಿಗಾಗಿ ಅತ್ತರೆ ನಗುವುದಕ್ಕೆ ಏನಿದೆ?

ಇದ್ದಕ್ಕಿದ್ದಂತೆ ಸಾಯುವುದು ಏಕೆ?

ಕೋಳಿ ಸತ್ತ ಮನೆಯಲ್ಲಿ ಕೇಳಿಬರುವ ಮೊದಲ ಮಾತು 'ನೀರು ಇಟ್ಟಿರಲಿಲ್ಲವೇ? ಯಾರು ನೋಡಿಕೊಳ್ಳುತ್ತಿದ್ದರು?'. ಆ ಮನೆಯಲ್ಲಿಯೂ ಸೊಸೆಯ ಮೇಲೆ ಮಾತು ಬಂತು. ಪಶುವೈದ್ಯರನ್ನು ವಿಚಾರಿಸಿದಾಗ ಅವರು ಹೇಳಿದ್ದು ಬಿಸಿಲಿನ ಝಳ ಎಂದು. ತಗಡಿನ ಮಾಡಿನ ಕೆಳಗೆ ಏಪ್ರಿಲ್ ತಿಂಗಳಲ್ಲಿ ಇದು ಸಾಮಾನ್ಯವಂತೆ. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಅದರ ಮೈ ಬಿಸಿಯೇ 41-42 ಡಿಗ್ರಿ. ಬಾಯಿ ತೆರೆದು ಏದುಸಿರು ಬಿಡುವುದು, ರೆಕ್ಕೆಯನ್ನು ಮೈಯಿಂದ ದೂರ ಹಿಡಿಯುವುದು - ಇಷ್ಟೇ ಅದಕ್ಕಿರುವ ಉಪಾಯ. ಹೊರಗಿನ ಉಷ್ಣಾಂಶ 35 ಡಿಗ್ರಿ ದಾಟಿದರೆ ಕಷ್ಟ ಶುರುವಾಗುತ್ತದೆ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಇನ್ನೂ ಕಷ್ಟ. ನಮ್ಮ ಥಾಣೆ, ಡೊಂಬಿವಲಿ, ಕಲ್ಯಾಣದ ಬೇಸಿಗೆ ಹೇಗಿರುತ್ತದೆ ಎಂದು ಓದುಗರಿಗೆ ಹೇಳಬೇಕಾಗಿಲ್ಲ. ನೆರಳು, ಮಾಡಿನ ಮೇಲೆ ಒದ್ದೆ ಗೋಣಿ, ದಿನಕ್ಕೆ ಮೂರು-ನಾಲ್ಕು ಬಾರಿ ಬದಲಿಸಿದ ತಣ್ಣೀರು ಇದ್ದರೆ ಅಪಾಯ ಎಷ್ಟೋ ಕಡಿಮೆ.

ಇನ್ನೊಂದು ಕಾರಣ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವುದು ಅಥವಾ ಹೊಟ್ಟೆಯೊಳಗೆ ಒಡೆದು ನಂಜಾಗುವುದು. ಹೆಚ್ಚು ಮೊಟ್ಟೆ ಇಡುವ ಫಾರ್ಮ್ ತಳಿಗಳಲ್ಲಿ ಇದರ ಕಾಟ ಜಾಸ್ತಿ. ಮೂರನೆಯದು ನಮ್ಮ ಹಳ್ಳಿಗಳಲ್ಲಿ ಗೂಡಿಗೆ ಗೂಡನ್ನೇ ಖಾಲಿ ಮಾಡುವ ಕೊಕ್ಕರೆ ರೋಗ. ಹಿಮಾಲಯದ ತಪ್ಪಲಿನ ರಾಣಿಖೇತ್ ಪಟ್ಟಣದಲ್ಲಿ 1920ರ ದಶಕದಲ್ಲಿ ಗುರುತಿಸಿದ್ದರಿಂದ ಇಡೀ ದೇಶದಲ್ಲಿ ಅದಕ್ಕೆ ರಾಣಿಖೇತ್ ರೋಗ ಎಂದೇ ಹೆಸರು. ಇದಕ್ಕೆ ಲಸಿಕೆ ಇದೆ, ಮೊದಲ ವಾರದಲ್ಲಿಯೇ ಹಾಕಿಸಬೇಕು. ಆದರೆ ಲಸಿಕೆಯ ಸೀಸೆ ನೂರಾರು ಕೋಳಿಗಳ ಲೆಕ್ಕದಲ್ಲಿ ಬರುವುದರಿಂದ ಒಂದೆರಡು ಕೋಳಿ ಸಾಕುವವರು ಅದರ ಗೋಜಿಗೇ ಹೋಗುವುದಿಲ್ಲ. ಅಕ್ಕಪಕ್ಕದ ನಾಲ್ಕಾರು ಮನೆಯವರು ಸೇರಿ ಒಂದೇ ದಿನ ಹಾಕಿಸಿಕೊಂಡರೆ ಖರ್ಚೂ ಹಗುರ. ಇಲಿ ಪಾಷಾಣ, ಚರಂಡಿಯ ಔಷಧಿ, ಬೆಕ್ಕಿನ ಕಾಟ ಇವೂ ಇವೆ.

ತಪ್ಪಿನ ಭಾರ ಹೊತ್ತು ಕೊರಗುವವರಿಗೆ ಒಂದು ಮಾತು. ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ಕೋಳಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ದುರ್ಬಲ ಎಂದು ಗೊತ್ತಾದರೆ ಜೊತೆಯ ಕೋಳಿಗಳೇ ಕುಕ್ಕುತ್ತವೆ. 'ಬೆಳಿಗ್ಗೆ ಚೆನ್ನಾಗಿತ್ತು' ಎಂದು ನಮಗೆ ಅನಿಸುವುದು ನಮ್ಮ ಕುರುಡಿನಿಂದಲ್ಲ, ಕೋಳಿ ಇರುವ ಬಗೆಯೇ ಹಾಗೆ.

ಊರಿಗೆಲ್ಲ ಸಂಬಂಧಿಸಿದ ಸಾವು

ಒಂದು ಕೋಳಿ ಸತ್ತರೆ ಮನೆಯ ದುಃಖ. ಎರಡು-ಮೂರು ಒಟ್ಟಿಗೆ ಸತ್ತರೆ ಅದು ಊರಿನ ವಿಷಯ. ಮಾಜಿವಾಡಾದಿಂದ ಶುರುವಾಗುವ ಇದೇ ಘೋಡ್‌ಬಂದರ್ ರಸ್ತೆಯ ವಸತಿ ಪ್ರದೇಶವೊಂದರಲ್ಲಿ 2021ರ ಜನವರಿಯಲ್ಲಿ ಕೊಕ್ಕರೆಗಳು ಸತ್ತು ಬಿದ್ದವು. ಪರೀಕ್ಷೆಯಲ್ಲಿ ಹಕ್ಕಿ ಜ್ವರ ದೃಢಪಟ್ಟಿತು. 2022ರ ಫೆಬ್ರವರಿಯಲ್ಲಿ ಥಾಣೆ ಜಿಲ್ಲೆಯ ಶಹಾಪುರ ತಾಲೂಕಿನ ವೆಹ್ಲೋಲಿ ಗ್ರಾಮದ ಫಾರ್ಮ್ ಒಂದರಲ್ಲಿ ಸುಮಾರು 100 ಕೋಳಿಗಳು ಹಠಾತ್ತನೆ ಸತ್ತಾಗ, ಸುತ್ತಲಿನ ಒಂದು ಕಿಲೋಮೀಟರಿನ ಸುಮಾರು 25,000 ಕೋಳಿಗಳನ್ನು ಕೊಲ್ಲಲು ಜಿಲ್ಲಾಡಳಿತ ನಿರ್ಧರಿಸಿತು. ಕರ್ನಾಟಕದಲ್ಲಿಯೂ 2025ರಲ್ಲಿ ಚಿಕ್ಕಬಳ್ಳಾಪುರ ತಾಲೂಕಿನ ವರದಹಳ್ಳಿಯಲ್ಲಿ ಇಂಥದೇ ಪ್ರಕರಣ ನಡೆಯಿತು.

ಇಂಥ ಸಂದರ್ಭದಲ್ಲಿ ಕಾಯಿಲೆ ಇಲ್ಲದ ಮನೆಯ ಸಾಕುಕೋಳಿಯನ್ನೂ ಬಿಡುವುದಿಲ್ಲ. ಸರಕಾರ ಪರಿಹಾರ ಕೊಡುತ್ತದೆ. 2021ರಲ್ಲಿ ಬೆಳೆದ ಮೊಟ್ಟೆ ಕೋಳಿ ಒಂದಕ್ಕೆ 90 ರೂಪಾಯಿ. ಬ್ಯಾಂಕಿನ ಕೌಂಟರಿನಲ್ಲಿ ವರ್ಷಗಟ್ಟಲೆ ಕುಳಿತವನಾದ್ದರಿಂದ ನನಗೆ ಇಂಥ ಅಂಕಿಯ ಮೇಲೆ ಸಿಟ್ಟಿಲ್ಲ, ಲೆಕ್ಕಕ್ಕೆ ಒಂದು ಅಂಕಿ ಬೇಕೇ ಬೇಕು. ಆದರೆ ಮೂರು ವರ್ಷ ಬೆಳಿಗ್ಗೆ ಐದಕ್ಕೆ ಎಬ್ಬಿಸಿದ ಕೋಳಿಗೆ ಯಾವ ಪಾವತಿ ಪುಸ್ತಕದಲ್ಲಿಯೂ ಕಾಲಂ ಇಲ್ಲ ಎಂಬುದೂ ನಿಜ.

ಸಾಂಕ್ರಾಮಿಕ ರೋಗದ ಸಂಶಯ ಬಂದರೆ ತಿಳಿಸುವುದು ಪ್ರಾಣಿ ಸಾಕಿದವರ ಕರ್ತವ್ಯ, 2009ರ ಕೇಂದ್ರ ಕಾಯ್ದೆಯೇ ಹಾಗೆ ಹೇಳುತ್ತದೆ. ಒಂದಕ್ಕಿಂತ ಹೆಚ್ಚು ಹಕ್ಕಿ ಕಾರಣ ತಿಳಿಯದೆ ಸತ್ತರೆ ಹತ್ತಿರದ ಸರಕಾರಿ ಪಶು ಚಿಕಿತ್ಸಾಲಯಕ್ಕೆ ಕೂಡಲೇ ತಿಳಿಸಬೇಕು. ಬರಿಗೈಯಲ್ಲಿ ಮುಟ್ಟಬಾರದು. ಯಾವ ಕಾರಣಕ್ಕೂ ಸತ್ತ ಕೋಳಿಯನ್ನು ಅಡುಗೆಗೆ ಬಳಸಬಾರದು, ತಮಾಷೆಗೂ ಆ ಸಲಹೆ ಕೊಡಬಾರದು.

ಎಲ್ಲಿ ಮಣ್ಣು ಮಾಡುವುದು?

ಊರಿನಲ್ಲಾದರೆ ತೆಂಗಿನ ಬುಡವೋ ಬಾಳೆಯ ಬುಡವೋ ಇತ್ತು. ಮಾಜಿವಾಡಾದಲ್ಲಿ ಒಂದು ಗೇಣು ಮಣ್ಣೂ ಯಾರದ್ದೋ ಬಿಲ್ಡರನದ್ದು. ಹೀಗಾಗಿ ಎಷ್ಟೋ ಮಂದಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿ ನಾಲೆಗೋ ಖಾರಿಗೋ ಎಸೆದು ಬರುತ್ತಾರೆ. ಫ್ಲೆಮಿಂಗೊ ಹಕ್ಕಿಗಳು ಬರುವ ಥಾಣೆ ಖಾರಿ 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಜಾಗ. ಅಲ್ಲಿಗೆ ರೋಗದ ಕೋಳಿ ಎಸೆದರೆ ಪರಿಣಾಮ ಏನಾದೀತು ಎಂದು ಯೋಚಿಸಬೇಕು. ಸ್ವಂತ ಅಥವಾ ಅನುಮತಿ ಸಿಕ್ಕ ಜಾಗವಿದ್ದರೆ ಎರಡು-ಮೂರು ಅಡಿ ಆಳದ ಗುಂಡಿ ತೆಗೆದು, ಸುಣ್ಣ ಹಾಕಿ, ನಾಯಿ ಕೆದಕದಂತೆ ಮೇಲೆ ಕಲ್ಲು ಇಡಬೇಕು. ಜಾಗ ಇಲ್ಲದಿದ್ದರೆ ಎರಡು ಪದರ ಚೀಲದಲ್ಲಿ ಕಟ್ಟಿ, ಒಳಗೆ ಏನಿದೆ ಎಂದು ಹೇಳಿಯೇ ಮಹಾನಗರಪಾಲಿಕೆಯ ಕೆಲಸದವರಿಗೆ ಒಪ್ಪಿಸಬೇಕು. ಗೂಡು, ನೀರಿನ ಪಾತ್ರೆ ಚೆನ್ನಾಗಿ ತೊಳೆದು ಬಿಸಿಲಿಗೆ ಇಡಬೇಕು. ಕೆಂಪಿಯನ್ನು ಗಾಂವಠಾಣಿನ ನೆರೆಯವರೊಬ್ಬರು ತಮ್ಮ ಹಿತ್ತಲಿನಲ್ಲಿ ಮಣ್ಣು ಮಾಡಲು ಬಿಟ್ಟರು. ಭಾಷೆ ಬಾರದ ಅಮ್ಮನಿಗೆ ಆ ಮರಾಠಿ ಹೆಂಗಸಿನ ಜೊತೆ ಮಾತು ಶುರುವಾದದ್ದೇ ಅಂದಿನಿಂದ.

'ಊರಿಗೆ ಹೋಗಿದೆ' ಎನ್ನಬೇಡಿ

ಮಕ್ಕಳ ವಿಷಯದಲ್ಲಿ ನಮ್ಮವರು ಒಂದು ಸುಳ್ಳು ಹೇಳುವುದುಂಟು. 'ಕೋಳಿ ಎಲ್ಲಿ?' ಎಂದರೆ 'ಊರಿಗೆ ಹೋಗಿದೆ'. ಹೊರನಾಡಿನಲ್ಲಿ ಬೆಳೆಯುವ ಮಗುವಿಗೆ ಇದು ಎರಡು ರೀತಿಯಲ್ಲಿ ಕೆಟ್ಟದ್ದು. ಮೇ ರಜೆಯಲ್ಲಿ ಊರಿಗೆ ಹೋದಾಗ ಅದು ಗೂಡು ಗೂಡು ಹುಡುಕುತ್ತದೆ. ಅಲ್ಲಿ ಇಲ್ಲ ಎಂದಾದಾಗ, 'ಊರಿಗೆ ಹೋದದ್ದು ಮರಳಿ ಬರುವುದಿಲ್ಲ' ಎಂಬ ಭಯ ಮನಸ್ಸಿನಲ್ಲಿ ಕೂರುತ್ತದೆ. ನಾಳೆ ಅಜ್ಜಿ ಊರಿಗೆ ಹೊರಟರೆ ಮಗು ಅತ್ತದ್ದು ಏಕೆಂದು ಯಾರಿಗೂ ತಿಳಿಯುವುದಿಲ್ಲ. ಸಾವು ಮರಳಿ ಬಾರದ್ದು, ಎಲ್ಲ ಜೀವಿಗಳಿಗೂ ಇರುವುದು ಎಂಬ ತಿಳಿವಳಿಕೆ ಸಾಮಾನ್ಯವಾಗಿ ಐದರಿಂದ ಏಳು ವರ್ಷದ ಹೊತ್ತಿಗೆ ಬರುತ್ತದೆ ಎನ್ನುತ್ತಾರೆ ಮನಶ್ಶಾಸ್ತ್ರಜ್ಞರು. 'ಸತ್ತಿದೆ, ಇನ್ನು ಬರುವುದಿಲ್ಲ, ನಮಗೂ ಬೇಸರವಾಗಿದೆ' ಎಂದು ನೇರವಾಗಿ ಹೇಳಿದರೆ ಮಗು ಅತ್ತು ಸುಧಾರಿಸಿಕೊಳ್ಳುತ್ತದೆ.

2019ರ ಏಪ್ರಿಲ್‌ನಲ್ಲಿ ಮಿಜೋರಾಮಿನ ಸೈರಂಗ್ ಎಂಬ ಊರಿನ ಆರು ವರ್ಷದ ಹುಡುಗನೊಬ್ಬ ಸುದ್ದಿಯಾಗಿದ್ದು ಕೆಲವರಿಗೆ ನೆನಪಿರಬಹುದು. ನೆರೆಮನೆಯ ಕೋಳಿಮರಿ ಅವನ ಸೈಕಲ್ಲಿನ ಅಡಿಗೆ ಬಂತು. ಒಂದು ಕೈಯಲ್ಲಿ ಮರಿ, ಇನ್ನೊಂದು ಕೈಯಲ್ಲಿ ಹತ್ತು ರೂಪಾಯಿ ನೋಟು ಹಿಡಿದು ಆತ ಆಸ್ಪತ್ರೆಗೆ ಓಡಿದ್ದ. ಮರಿ ಬದುಕಲಿಲ್ಲ. ಅವನ ಶಾಲೆಯವರು ಅವನನ್ನು ಕರೆದು ಸನ್ಮಾನಿಸಿದರು. ಯಾರಾದರೂ ಅಂದು ನಕ್ಕು ಕಳಿಸಿದ್ದರೆ ಆ ಮಗು ಕಲಿಯುತ್ತಿದ್ದ ಪಾಠವೇ ಬೇರೆ.

ನಾವೇನು ಮಾಡಬಹುದು?

ಮರುದಿನವೇ ಇನ್ನೊಂದು ಕೋಳಿ ತಂದು ಬಿಡುವುದು ಬೇಡ. ಸತ್ತದ್ದು ರೋಗದಿಂದಾದರೆ ಹೊಸದಕ್ಕೂ ತಗಲುತ್ತದೆ. ಮನಸ್ಸೂ ಹೊಸದನ್ನು ಒಪ್ಪಲು ಸಮಯ ಬೇಕು. ಆದರೆ ಮನೆಯಲ್ಲಿ ಇನ್ನೊಂದೇ ಕೋಳಿ ಉಳಿದಿದ್ದರೆ ಅದನ್ನು ಗಮನಿಸಬೇಕು. ಗುಂಪಿನಲ್ಲಿ ಬದುಕುವ ಜೀವ ಅದು. ಯಾರು ಮೊದಲು ತಿನ್ನಬೇಕು, ಯಾರು ಯಾರನ್ನು ಕುಕ್ಕಬಹುದು ಎಂಬ ಕ್ರಮ ಕೋಳಿಗಳಲ್ಲಿ ಇದೆ ಎಂದು ನಾರ್ವೆಯ ಷೆಲ್ಡರುಪ್-ಎಬ್ಬೆ ಎಂಬ ವಿಜ್ಞಾನಿ ನೂರು ವರ್ಷಗಳ ಹಿಂದೆಯೇ ಬರೆದಿದ್ದಾರೆ. ಜೊತೆ ತಪ್ಪಿದ ಕೋಳಿ ಕೆಲವು ದಿನ ಮಂಕಾಗಿ, ಕೂಗುತ್ತಾ ತಿರುಗುವುದು ಕಾಣುತ್ತದೆ. ಹೊಸ ಕೋಳಿ ತಂದರೆ ಮೂರು-ನಾಲ್ಕು ವಾರ ಬೇರೆಯೇ ಇಟ್ಟು, ಆಮೇಲೆ ಸೇರಿಸುವುದು ಕ್ಷೇಮ.

ನಮ್ಮ ಸಂಘಗಳಿಗೆ ಒಂದು ವಿನಂತಿ. ಹಿರಿಯ ನಾಗರಿಕರಿಗೆ ಆರೋಗ್ಯ ತಪಾಸಣೆ, ಶಾಲು-ಸನ್ಮಾನ ಎಲ್ಲವನ್ನೂ ನಾವು ಮಾಡುತ್ತಿದ್ದೇವೆ. ಹಗಲಿಡೀ ಒಬ್ಬರೇ ಕೂರುವ ತಾಯಂದಿರು ಯಾವ ಚಾಳಿನಲ್ಲಿ, ಯಾವ ಕಟ್ಟಡದಲ್ಲಿ ಇದ್ದಾರೆ ಎಂಬ ಒಂದು ಪಟ್ಟಿ ಎಷ್ಟು ಸಂಘಗಳ ಬಳಿ ಇದೆ? ಮಹಿಳಾ ವಿಭಾಗದ ಇಬ್ಬರು ವಾರಕ್ಕೊಮ್ಮೆ ಹೋಗಿ ಅವರದೇ ಭಾಷೆಯಲ್ಲಿ ಅರ್ಧ ಗಂಟೆ ಮಾತಾಡಿ ಬಂದರೆ ಅದಕ್ಕೆ ಸಭಾಂಗಣವೂ ಬೇಡ, ಮೈಕೂ ಬೇಡ. ಯಾರ ಮನೆಯಲ್ಲಾದರೂ ಸಾಕಿದ ಜೀವ ಹೋದ ಸುದ್ದಿ ಬಂದರೆ, ಅದು ನಾಯಿಯಾಗಲಿ, ಗಿಳಿಯಾಗಲಿ, ಕೋಳಿಯೇ ಆಗಲಿ, ಒಂದು ಫೋನು ಮಾಡಿ. ದೊಡ್ಡ ಉಪದೇಶ ಬೇಕಾಗಿಲ್ಲ. 'ಹೆಸರೇನಿತ್ತು? ಎಷ್ಟು ವರ್ಷ ಇತ್ತು?' ಎಂದು ಕೇಳಿ, ಆಮೇಲೆ ಅವರು ಹೇಳುವುದನ್ನು ಕೇಳಿಸಿಕೊಂಡರೆ ಸಾಕು. ಸಾರಿನ ಮಾತು ಇನ್ನೊಂದು ದಿನಕ್ಕಿರಲಿ.